ದಾದಿಗೆ ಮಾತು ನಿಂತ ವಾರ

ಹೊಲಿಗೆ ಕೋಣೆ,
ಹದಿನೇಳನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಂಡಿ,

ಹೇಗಿದ್ದೀಯ? ಎಲ್ಲ ಪತ್ರಗಳಲ್ಲೂ ಮೊದಲ ಸಾಲಿಗೆ ಇದನ್ನು ಬರೆದು, ಉತ್ತರಕ್ಕೂ ಕಾಯದೆ ಮುಂದಿನ ಸುದ್ದಿಗೆ ಹಾರುವವಳು ನಾನು. ಈ ಸಲ ಹಾರುವುದಿಲ್ಲ. ಹೇಗಿದ್ದೀಯ? ಊಟ ಸೇರುತ್ತಿದೆಯೇ? ನುಂಗುವಾಗ ನೋವಾಗುತ್ತಿದೆಯೇ? ನೋಡು, ಕೇಳಬಾರದೆಂದುಕೊಂಡಿದ್ದನ್ನು ಮೊದಲ ಪ್ಯಾರಾದಲ್ಲೇ ಕೇಳಿಬಿಟ್ಟೆ. ನನಗೆ ಭಯವಾಗಿದೆ ಮಗಳೇ. ಯಾಕೆ ಭಯ ಎಂದು ಮೊದಲಿನಿಂದ ಹೇಳುತ್ತೇನೆ, ನಡುವೆ ಎದ್ದು ಹೋಗದೆ ಓದು. ಗುಂಡಿ ಎಂದು ಕರೆದಿದ್ದಕ್ಕೆ ಮುಖ ಊದಿಸಿಕೊಳ್ಳಬೇಡ. ಊರಿಗೆಲ್ಲ ನೀನು ಟೀವಿಯಲ್ಲಿ ಬರುವ ದಾದಿ, ನನಗೆ ಮಾತ್ರ ಆ ದುಂಡು ಕೆನ್ನೆಯ ಗುಂಡಿಯೇ. ಆ ಕೆನ್ನೆ ಈಗ ಎಲ್ಲಿ ಹೋಯಿತೆಂದು ಕೇಳಿದರೆ ತಪ್ಪನ್ನು ಕ್ಯಾಮೆರಾ ಮೇಲೆ ಹಾಕುತ್ತೀಯ.

ಫೋನಿರುವಾಗ ಮುದುಕಿಗೆ ಪತ್ರದ ಹುಚ್ಚೇಕೆ ಎಂದು ನಗಬಹುದು. ಫೋನಿನಲ್ಲಿ ಬರುವ ಅಕ್ಷರ ಯಾರು ಒತ್ತಿದರೂ ಒಂದೇ ಥರ ಕಾಣುತ್ತದೆ. ‘ಚೆನ್ನಾಗಿದ್ದೇನೆ ಅಜ್ಜಿ, ಶೂಟಿಂಗ್ ಜೋರು’ ಎಂದು ನೀನು ಬರೆದರೂ ಅಷ್ಟೇ, ನಿನ್ನ ಪಕ್ಕದಲ್ಲಿ ಕೂತ ನರ್ಸು ಬರೆದರೂ ಅಷ್ಟೇ. ನಿಜವಾದ ನರ್ಸು ಎಂದೆ, ಧಾರಾವಾಹಿಯ ನರ್ಸಲ್ಲ. ನಿನ್ನ ಕೈಬರಹ ಕಂಡರೆ ಅದು ನಡುಗಿದೆಯೋ ಇಲ್ಲವೋ ಎಂದಾದರೂ ತಿಳಿಯುತ್ತದೆ. ನಾವಿಲ್ಲಿ ಆರಾಮಾಗಿದ್ದೇವೆ. ನಿನ್ನ ಅಪ್ಪ ಎಂದಿನಂತೆ ಬಸ್ಸು ಓಡಿಸುತ್ತಾನೆ, ಮನೆಗೆ ಬಂದು ಕುರ್ಚಿಯಲ್ಲಿ ಕೂತ ಮೇಲೂ ಬಲಗಾಲಿನಲ್ಲಿ ಬ್ರೇಕ್ ಒತ್ತುತ್ತಾನೆ. ನಿನ್ನ ಅಮ್ಮನಿಗೆ ಲಾಂಡ್ರಿಯಲ್ಲಿ ಪಾಳಿ ಬದಲಾಗಿದೆ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿನ್ನ ಧಾರಾವಾಹಿಯ ಹೊತ್ತಿಗೆ ನನ್ನ ಹೊಲಿಗೆ ಕೋಣೆ ಟಾಕೀಸಾಗುತ್ತದೆ ಎಂದು ನಿನಗೆ ಗೊತ್ತಲ್ಲ. ಔಷಧಿ ಅಂಗಡಿಯವನಿಗೆ ಸರಿಯಾಗಿ ಆಗಲೇ ಪ್ಯಾಂಟಿನ ಸೊಂಟ ಬಿಗಿಯಾಗುತ್ತದೆ. ಎದುರಿನ ಬ್ಯೂಟಿ ಪಾರ್ಲರಿನವಳ ಜಿಪ್ಪು ದಿನಾ ಕೆಡುತ್ತದೆ. ಬೀಗ ರಿಪೇರಿಯವನು ನೆಪವನ್ನೂ ಹೇಳುವುದಿಲ್ಲ, ಬಂದು ಬಟ್ಟೆ ಗಂಟಿನ ಮೇಲೆ ಕೂತುಬಿಡುತ್ತಾನೆ. ಕಥೆಯಲ್ಲಿ ಮಹಡಿಯ ಮೇಲೆ ಮಲಗಿದಲ್ಲೇ ಮಲಗಿರುವ ಆ ಯಜಮಾನ, ಅವನ ಆಸ್ತಿಗೆ ಬಾಯಿಬಿಟ್ಟುಕೊಂಡು ಕೂತ ಸೊಸೆ ಮತ್ತು ಕಿರಿಮಗ, ಅವನ ಔಷಧಿ ಸೀಸೆಗಳನ್ನು ಯಾರೋ ಬದಲಾಯಿಸುತ್ತಿರುವುದು, ಮೊದಲು ಅಡುಗೆಯವನು, ಆಮೇಲೆ ವಕೀಲ, ಹೀಗೆ ಸಾಲಾಗಿ ಸಾಯುವುದು, ಇವೆಲ್ಲದರ ನಡುವೆ ಬಿಳಿ ಅಂಗಿ ತೊಟ್ಟು ಓಡಾಡುವ ನೀನು. ಎಲ್ಲರೂ ಕತ್ತು ಚಾಚಿ ನೋಡುತ್ತಾರೆ. ನಾನು ಮಾತ್ರ ನೋಡುವುದಿಲ್ಲ, ಕೇಳುತ್ತೇನೆ. ಕಣ್ಣು ಸೂಜಿಯ ಮೇಲೆ, ಕಿವಿ ನಿನ್ನ ಮೇಲೆ. ಹೊಲಿಯುವವರಿಗೆ ಟೀವಿ ಎಂದರೆ ರೇಡಿಯೋನೇ.

ಕೊಲೆಗಾರ ಯಾರೆಂದು ಇವರು ಮಾಡುವ ಪಂಚಾಯಿತಿ ಕೇಳಬೇಕು ನೀನು. ಔಷಧಿ ಅಂಗಡಿಯವನ ಪ್ರಕಾರ ಸೊಸೆ, ಯಾಕೆಂದರೆ ಅವಳು ಹನಿ ಲೆಕ್ಕ ಹಾಕದೆ ಔಷಧಿ ಸುರಿಯುತ್ತಾಳೆ. ಪಾರ್ಲರಿನವಳಿಗೆ ಕಿರಿಮಗನ ಮೇಲೇ ಕಣ್ಣು. ಅಷ್ಟು ನೀಟಾಗಿ ಕ್ರಾಪು ಬಾಚುವವರನ್ನು ನಂಬಬಾರದಂತೆ. ಬೀಗದವನು ಯಾರನ್ನೂ ಅನುಮಾನಿಸುವುದಿಲ್ಲ, ಆ ಮೇಲಿನ ಕೋಣೆಯ ಬೀರುವಿಗೆ ಹಾಕಿದ ಬೀಗ ಹೇರ್‌ಪಿನ್ನಿಗೂ ತೆರೆದುಕೊಳ್ಳುವಂಥದ್ದು ಎಂದು ತಲೆ ಚಚ್ಚಿಕೊಳ್ಳುತ್ತಾನೆ, ಅಷ್ಟೇ. ಇದೆಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗುತ್ತಾರೆ. ಮೊಮ್ಮಗಳು ಹೇಳಿರಲೇಬೇಕು, ಬಾಯಿ ಬಿಡಿ ಅಜ್ಜಿ ಎನ್ನುತ್ತಾರೆ. ನನ್ನ ಲೆಕ್ಕ ಹೇಳಿದೆ ಒಂದು ದಿನ. ಕೊಲೆಗಾರ ಯಜಮಾನನೇ. ಹಾಸಿಗೆ ಹಿಡಿದವನ ಪಾಯಿಜಾಮ ಹಿಂದುಗಡೆ ಸವೆಯಬೇಕು, ಮೊಣಕಾಲು ಉಬ್ಬಬಾರದು. ಒಮ್ಮೆ ತಲೆಯೆತ್ತಿ ನೋಡಿದಾಗ ಅವನ ಪಾಯಿಜಾಮದ ಮೊಣಕಾಲು ಎರಡೂ ಉಬ್ಬಿದ್ದವು. ಅವನು ಎದ್ದು ಓಡಾಡುತ್ತಾನೆ. ಎಲ್ಲರೂ ನಕ್ಕರು. ಉಡುಪು ಕೊಡುವವರ ತಪ್ಪಿರಬಹುದು ಅಜ್ಜಿ ಎಂದರು. ಇರಬಹುದು. ಆಗ ನನಗೂ ನಗಲು ಬರುತ್ತಿತ್ತು.

ಮೊದಲ ಸಲ ಎದೆ ಧಸಕ್ಕೆಂದಿದ್ದು ಹೋದ ತಿಂಗಳು. ಒಂದು ಮಳೆಕೋಟಿನ ಜಿಪ್ಪು ಬಿಚ್ಚುತ್ತಾ ಕೂತಿದ್ದೆ. ಟೀವಿಯಲ್ಲಿ ಯಾರೋ “ನೀರು ಕುಡೀತೀರಾ” ಎಂದರು. ಹೊಸ ದಾದಿ ಬಂದಿದ್ದಾಳೆ ಎಂದುಕೊಂಡು ತಲೆಯೆತ್ತಿದರೆ ಅಲ್ಲಿ ನಿನ್ನ ಮುಖ. ತುಟಿ ನಿನ್ನದು, ದನಿ ನಿನ್ನದಲ್ಲ. ನೀನು ಏನನ್ನಾದರೂ ಕೇಳುವಾಗ ಕೊನೆಯಲ್ಲಿ ದನಿಯನ್ನು ಸ್ವಲ್ಪ ಮೇಲಕ್ಕೆ ಎಳೆಯುತ್ತೀಯ, ಚಿಕ್ಕವಳಿದ್ದಾಗ ಇನ್ನೊಂದು ಬಿಸ್ಕತ್ತು ಕೇಳುತ್ತಿದ್ದ ಹಾಗೆ. ಇವಳದು ವಾರ್ತೆ ಓದಿದಂತಿತ್ತು, ಇಸ್ತ್ರಿ ಹಾಕಿದ ಮಾತು. ಕೋಣೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಿನಗೆ ಫೋನು ಮಾಡಿದೆ, ಎತ್ತಲಿಲ್ಲ. ಆಮೇಲೆ ಅಕ್ಷರ ಬಂತು. ಮೈಕಿನ ತೊಂದರೆ, ನಾಲ್ಕು ದಿನ ಬೇರೆಯವರ ದನಿ ಹಾಕುತ್ತಾರೆ ಎಂದು. ನಂಬಿದೆ. ನಾಲ್ಕು ದಿನ ಕಳೆದು ವಾರವಾಯಿತು, ವಾರ ಕಳೆದು ಇನ್ನೊಂದು ವಾರ ಬಂತು, ಮೈಕು ರಿಪೇರಿಯಾಗಲಿಲ್ಲ. ನಾನು ಕರೆ ಮಾಡಿದಾಗಲೆಲ್ಲ ನೀನು ಕತ್ತರಿಸಿ ಅಕ್ಷರ ಕಳಿಸುತ್ತಿದ್ದೆ. ಆ ಉತ್ತರಗಳೋ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ‘ಆಮೇಲೆ ಮಾಡ್ತೀನಿ’, ‘ಸೆಟ್‌ನಲ್ಲಿದ್ದೀನಿ’, ‘ಸಿಗ್ನಲ್ ಇಲ್ಲ’.

ನಾನು ಪಟ್ಟು ಬಿಡಲಿಲ್ಲ. ನಿನ್ನ ದನಿ ಕೇಳದೆ ಊಟ ಮಾಡುವುದಿಲ್ಲ ಎಂದು ಹಠ ಹಿಡಿದೆ. ಸಂಜೆಗೆ ನಿನ್ನ ದನಿಯದೊಂದು ತುಣುಕು ಬಂತು. “ಅಜ್ಜಿ, ಊಟ ಆಯ್ತಾ? ಕಾಲುನೋವು ಹೇಗಿದೆ? ಹುಷಾರಾಗಿರು.” ಎಷ್ಟು ಖುಷಿಯಾಯಿತೆಂದರೆ ಅಂಗಡಿಗೆ ಬಂದವರಿಗೆಲ್ಲ ಕೇಳಿಸಿದೆ. ರಾತ್ರಿ ಹೊಟ್ಟೆತುಂಬ ಉಂಡು ತಟ್ಟೆ ತೊಳೆಯುವಾಗ ನನ್ನ ಕಾಲಿನ ಕಡೆ ಕಣ್ಣು ಹೋಯಿತು. ನನ್ನ ಕಾಲುನೋವು ವಾಸಿಯಾಗಿ ವರ್ಷವಾಯಿತಲ್ಲೇ. ಅದು ನಿನಗೂ ಗೊತ್ತು. ನೀನು ಹಳೆಯ ತುಣುಕನ್ನು ಹುಡುಕಿ ಕಳಿಸಿದ್ದೆ. ಕೆಲಸ ಜಾಸ್ತಿಯಾದವರು ಮಾತನಾಡಲು ಮರೆಯುತ್ತಾರೆ, ಸರಿ. ಆದರೆ ನನ್ನನ್ನು ಸುಮ್ಮನಿರಿಸಲು ಹಳೆಯ ದನಿಯನ್ನು ಕೆದಕಿ ತೆಗೆಯಬೇಕಾದರೆ ಹೊಸ ದನಿ ಇಲ್ಲವೆಂದೇ ಅರ್ಥ. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಹೆದರಿದೆ.

ಹೋದ ವಾರ ದಾದಿಗೆ ಮಾತು ನಿಂತಿತು. ನೀನೇ ನಟಿಸಿದ್ದು, ನಿನಗೇನು ಹೇಳುವುದು. ಮೇಲಿನ ಕೋಣೆಯ ಬೀರು ತೆರೆದು ಒಳಗೆ ಏನನ್ನೋ ಕಂಡು ಬಾಯಿ ತೆಗೆಯುತ್ತೀಯ, ದನಿ ಬರುವುದಿಲ್ಲ. ಡಾಕ್ಟರು ಬಂದು ಆಘಾತದಿಂದ ಮಾತು ಹೋಗಿದೆ ಎನ್ನುತ್ತಾರೆ. ನಮ್ಮ ಕೋಣೆಯಲ್ಲಿ ಎಲ್ಲರೂ ಟೀವಿಯ ಹತ್ತಿರ ಜರುಗಿದರು. ಜಾಹೀರಾತು ಬಂದದ್ದೇ ತಡ, ಬೀರುವಿನಲ್ಲಿ ಏನಿತ್ತು ಎಂದು ಶುರುವಾಯಿತು. ವಕೀಲನ ಹೆಣ ಎಂದು ಒಬ್ಬರು, ಸೊಸೆಯ ಹಳೆಯ ಗಂಡ ಎಂದು ಒಬ್ಬರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಪಾರ್ಲರಿನವಳು ಕಣ್ಣೊರೆಸಿಕೊಂಡು ನನ್ನ ಭುಜ ಹಿಡಿದು, “ಏನ್ ಆಕ್ಟಿಂಗ್ ಅಜ್ಜಿ, ಮಾತು ಗಂಟಲಲ್ಲೇ ಸಿಕ್ಕಿಹಾಕ್ಕೊಂಡಿದೆ ಅನ್ನೋದು ಹಾಗೇ ಕಾಣುತ್ತೆ” ಎಂದಳು. ನಾನು ತಲೆಯಾಡಿಸಿದೆ. ಮಷೀನಿನ ಪೆಡಲು ತುಳಿಯುತ್ತಲೇ ಇದ್ದೆ. ಮಾರನೇ ದಿನ ಔಷಧಿ ಅಂಗಡಿಯವನು ಪ್ಯಾಂಟು ವಾಪಸು ತಂದ, ಅದರ ಎರಡೂ ಜೇಬಿನ ಬಾಯಿ ಹೊಲಿದುಹೋಗಿತ್ತು.

ನಿನಗೆ ನೆನಪಿದೆಯೋ ಇಲ್ಲವೋ, ಆ ಕಿರಿಮಗನ ಪಾತ್ರದವನು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಕಥೆಯಲ್ಲೂ ಅವನನ್ನು ಮೆಟ್ಟಿಲಿಂದ ಬೀಳಿಸಿ ಗಾಲಿಕುರ್ಚಿಗೆ ಹಾಕಿದ್ದರು. ಆಗ ನಾನು ಅಯ್ಯೋ ಪಾಪ, ಯಾರು ತಳ್ಳಿದರು ಎಂದು ಕೇಳಿದ್ದಕ್ಕೆ ನೀನು ಬಿದ್ದು ಬಿದ್ದು ನಕ್ಕಿದ್ದೆ. “ಅಜ್ಜಿ, ಕಥೆ ಬರಿಯೋದು ಬರಹಗಾರ ಅಲ್ಲ, ನಮ್ಮ ಕಾಯಿಲೆಗಳು” ಎಂದಿದ್ದೆ. ಬಸುರಿಯಾದ ನಟಿಯ ಹೊಟ್ಟೆಯ ಮುಂದೆ ಹೂಕುಂಡ ಇಡುತ್ತಾರೆ, ಜ್ವರ ಬಂದವರನ್ನು ಪರವೂರಿಗೆ ಕಳಿಸುತ್ತಾರೆ, ಜಾಸ್ತಿ ದಿನ ಮಲಗಿದವರ ಮುಖವನ್ನೇ ಬದಲಾಯಿಸುತ್ತಾರೆ ಎಂದೆಲ್ಲ ಹೇಳಿದ್ದೆ. ಈಗ ನೀನೇ ಹೇಳು, ದಾದಿಗೆ ಮಾತು ನಿಂತರೆ ನಾನು ಏನು ತಿಳಿಯಲಿ? ಇವರೆಲ್ಲ ಬೀರುವಿನೊಳಗೆ ಏನಿತ್ತು ಎಂದು ತಲೆ ಕೆಡಿಸಿಕೊಂಡಿದ್ದಾರೆ. ಬೀರುವಿನಲ್ಲಿ ಏನೂ ಇರಲಿಲ್ಲ. ಅದನ್ನು ಇನ್ನೂ ಯಾರೂ ಬರೆದೇ ಇಲ್ಲ. ಇರುವುದು ನಿನ್ನ ಗಂಟಲಿನಲ್ಲಿ. ಇದು ನನ್ನ ಲೆಕ್ಕ. ಜೀವಮಾನದಲ್ಲಿ ಮೊದಲ ಸಲ ನನ್ನ ಲೆಕ್ಕ ತಪ್ಪಾಗಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ನಿನ್ನ ತಾತನ ವಿಷಯ ನಿನಗೆ ಯಾರೂ ಪೂರ್ತಿ ಹೇಳಿಲ್ಲ. ಮೊದಲು ಅವರ ದನಿ ಒಡೆಯಿತು. ಶೀತ ಎಂದರು. ಬಿಸಿನೀರು ಕುಡಿದರು, ಉಪ್ಪುನೀರು ಮುಕ್ಕಳಿಸಿದರು, ಮಫ್ಲರು ಸುತ್ತಿಕೊಂಡರು. ನಾನು ಡಾಕ್ಟರ ಹತ್ತಿರ ಹೋಗೋಣ ಎಂದಾಗಲೆಲ್ಲ ನಾಳೆ ಎಂದರು. ನನ್ನನ್ನು ಹೆದರಿಸಬಾರದೆಂದು ಹಾಗೆ ಮಾಡಿದರಂತೆ. ಕೊನೆಗೆ ಅವರು ಸ್ಲೇಟಿನ ಮೇಲೆ ಬರೆದು ಮಾತನಾಡುವಂತಾದಾಗ ನನಗೆ ಹೆದರಲು ಕೂಡ ಸಮಯ ಉಳಿದಿರಲಿಲ್ಲ. ಹೇಳದೆ ಮುಚ್ಚಿಡುವುದನ್ನು ಪ್ರೀತಿ ಎಂದುಕೊಂಡವರ ವಂಶ ನಮ್ಮದು. ಆ ಪ್ರೀತಿ ನನಗೆ ಒಂದು ಸಲ ಸಾಕಾಗಿದೆ, ಇನ್ನೊಂದು ಸಲ ತಡೆದುಕೊಳ್ಳಲಾರೆ. ಅವರಿಗೆ ವಯಸ್ಸಾಗಿತ್ತು, ಬೀಡಿ ಚಟವಿತ್ತು, ನಿನಗೆ ಎರಡೂ ಇಲ್ಲ ಎಂದು ದಿನಕ್ಕೆ ಹತ್ತು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಐದು ನಿಮಿಷ ಸಮಾಧಾನ. ಆಮೇಲೆ ಮತ್ತೆ ಅದೇ.

ನಿನ್ನ ಅಪ್ಪನ ಹತ್ತಿರ ಬಾಯಿಬಿಟ್ಟೆ. “ಅಮ್ಮ, ನಿಂಗೆ ಸೀರಿಯಲ್ ತಲೆಗೇರಿದೆ” ಎಂದು ಟೀವಿ ಆರಿಸಿಬಿಟ್ಟ. ಅವನ ಮುಖದಲ್ಲಿ ಕಳ್ಳತನ ಕಾಣಲಿಲ್ಲ. ಅವನಿಗೆ ನಿಜಕ್ಕೂ ಏನೂ ಗೊತ್ತಿಲ್ಲ. ನಿನ್ನ ಅಮ್ಮನನ್ನು ಬೇರೆ ಥರ ಕೇಳಿದೆ. ದಾದಿಗೆ ಮಾತು ಯಾವಾಗ ಬರುತ್ತದೋ ಏನೋ ಎಂದು ಸುಮ್ಮನೆ ಗಾಳಿಗೆ ಬಿಟ್ಟೆ. ಅವಳು ಎದ್ದು ಹೋಗಿ, ತೊಳೆದು ಬೋರಲಿಟ್ಟಿದ್ದ ತಟ್ಟೆಗಳನ್ನೇ ಮತ್ತೆ ನಲ್ಲಿಯ ಕೆಳಗೆ ಹಿಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹೋದ ವಾರ ಅವಳು ತಂಗಿಯ ಮನೆಗೆಂದು ಎರಡು ದಿನ ಹೋಗಿ ಬಂದಿದ್ದಳು. ಬಂದವಳ ಬಟ್ಟೆಯಿಂದ ಆಸ್ಪತ್ರೆಯ ವಾಸನೆ ಬರುತ್ತಿತ್ತು. ಲಾಂಡ್ರಿಯಲ್ಲಿ ಅವಳು ಒಗೆಯುವುದೇ ಆಸ್ಪತ್ರೆಯ ಹೊದಿಕೆಗಳನ್ನಲ್ಲವೇ, ಅದಕ್ಕೆ ನಾನು ಗಮನ ಕೊಡಲಿಲ್ಲ. ಈಗ ಆ ವಾಸನೆ ಮೂಗಿನಿಂದ ಹೋಗುತ್ತಿಲ್ಲ. ಅವಳನ್ನು ಬೈಯಲೂ ಮನಸ್ಸು ಬರುತ್ತಿಲ್ಲ. ಕಣ್ಣು ಒಳಗೆ ಹೋಗಿದೆ, ಜಡೆ ಹೆಣೆದುಕೊಳ್ಳುವುದನ್ನೂ ಮರೆಯುತ್ತಾಳೆ.

ನಿನ್ನೆ ಸೋಮವಾರ ನಾನು ಹೊಲಿಗೆ ಪಕ್ಕಕ್ಕಿಟ್ಟು, ಕನ್ನಡಕ ಒರೆಸಿ, ಮೊದಲ ಸಲ ಧಾರಾವಾಹಿಯನ್ನು ನೋಡಲು ಕೂತೆ. ಕೇಳಲು ಇನ್ನೇನೂ ಉಳಿದಿರಲಿಲ್ಲವಲ್ಲ. ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆ ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು, ಮುಖಕ್ಕಿಂತ ಮೊದಲು ನನಗೆ ಕಂಡದ್ದು ಅಂಗಿ. ಆ ಬಿಳಿ ಅಂಗಿಗೆ ಮೊದಲಿನಿಂದಲೂ ಮಡಚಿದ ಕಾಲರ್, ಮೇಲಿನ ಬಟನ್ ಯಾವಾಗಲೂ ಬಿಚ್ಚಿರುತ್ತಿತ್ತು. ಅಳತೆ ಸರಿಯಿಲ್ಲವೆಂದು ನೀನು ಫೋಟೋ ಕಳಿಸಿ ನನ್ನನ್ನು ಕೇಳಿದ್ದ ಅಂಗಿಯೇ ಅದು. ನಿನ್ನೆ ಅದಕ್ಕೆ ಕಿವಿಯ ಹತ್ತಿರದವರೆಗೆ ನಿಂತ ಪಟ್ಟಿ. ಬೇರೆ ಥಾನಿನ ಬಟ್ಟೆ, ಸ್ವಲ್ಪ ಹಳದಿ ಬಿಳುಪು, ಅವಸರದಲ್ಲಿ ಹಾಕಿದ ದೊಡ್ಡ ಹೊಲಿಗೆ. ಕ್ಯಾಮೆರಾ ಹತ್ತಿರ ಬಂದಾಗ ನೀನು ಗದ್ದ ತಗ್ಗಿಸಿದೆ. ಆಗ ಪಟ್ಟಿ ಒಂದು ಕಡೆ ಉಬ್ಬಿತು, ಒಳಗೆ ಏನೋ ದಪ್ಪನೆಯದು ಇದ್ದ ಹಾಗೆ. ಹತ್ತಿ. ಬ್ಯಾಂಡೇಜು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಸುತ್ತ ಕೂತವರು ಆ ಕಿರಿಮಗ ಗಾಲಿಕುರ್ಚಿ ತಳ್ಳಿಕೊಂಡು ನಿನ್ನ ಹಿಂದೆ ಬಂದನೆಂದು ಹೆದರಿ ಕಿರುಚಿದರು. ನಾನು ಹೆದರಿದ್ದು ಆ ಪಟ್ಟಿಗೆ. ಅವರ ಹೆದರಿಕೆ ಅರ್ಧ ಗಂಟೆಗೆ ಮುಗಿಯಿತು, ಚಪ್ಪಲಿ ಮೆಟ್ಟಿಕೊಂಡು ನಗುತ್ತಾ ಮನೆಗೆ ಹೋದರು.

ನೀನು ಯಾಕೆ ಮುಚ್ಚಿಟ್ಟಿದ್ದೀ ಎಂದು ನನಗೆ ತಿಳಿಯುತ್ತದೆ. ಸುದ್ದಿ ಹೊರಗೆ ಬಿದ್ದರೆ ನಾಳೆಯಿಂದ ಆ ಬಿಳಿ ಅಂಗಿಯಲ್ಲಿ ಇನ್ನೊಬ್ಬಳು ಇರುತ್ತಾಳೆ. ಅದಕ್ಕೇ ಹೊಲಿಗೆ ಆರುವ ಮೊದಲೇ ಕ್ಯಾಮೆರಾ ಮುಂದೆ ನಿಂತಿದ್ದೀ. ನನಗೆ ಹೇಳಿದರೆ ನನ್ನ ಬೀಪಿ ಏರುತ್ತದೆ ಎಂಬ ಇನ್ನೊಂದು ಕಾರಣವೂ ಇರಬೇಕು. ಹೇಳದೇ ಇದ್ದರೂ ಏರಿದೆ, ಆ ಲಾಭವೂ ಹೋಯಿತು. ಅಂಗಡಿಗೆ ಬರುವವರ ಭಯ ಬೇಡ. ಯಾರು ಎಷ್ಟೇ ಕೆದಕಿದರೂ ದಾದಿ ಕೊಲೆಗಾರನನ್ನು ನೋಡಿ ಮೂಕಿಯಾದಳು ಎಂದೇ ಹೇಳುತ್ತೇನೆ. ನನ್ನ ಬಾಯಿಗೆ ಬೀಗ, ಬೀಗದವನಿಗೂ ತೆಗೆಯಲಾಗದ ಬೀಗ. ನನಗೆ ಬೇಕಿರುವುದು ನಿನ್ನ ಕೈಯಿಂದ ಬರೆದ ನಾಲ್ಕು ಸಾಲು. ಏನು ಬಂತು, ಏನು ತೆಗೆದರು, ಡಾಕ್ಟರು ಏನೆಂದರು, ದನಿ ವಾಪಸು ಬರುತ್ತದೆಯೇ. ಒಳ್ಳೆಯದಾದರೆ ಒಳ್ಳೆಯದು ಬರೆ. ಅಲ್ಲದಿದ್ದರೆ ಅದನ್ನೂ ಬರೆ. ಗೊತ್ತಿದ್ದು ಹೆದರುವುದು ಹೇಗೋ ಬಾಳುವ ಕೆಲಸ, ಗೊತ್ತಿಲ್ಲದೆ ಹೆದರುವುದು ನನ್ನಿಂದ ಆಗುತ್ತಿಲ್ಲ. ಜಾಹೀರಾತು ಬಂದಾಗ ನಿಲ್ಲಿಸಿದ ಹಾಗೆ ನನ್ನ ಊಟ, ನಿದ್ದೆ ಎಲ್ಲ ನಿಂತಿದೆ.

ಹಿಂಡಿದ ನಿಂಬೆ, ತಣ್ಣೀರು, ಖಾರ ಮುಟ್ಟಬೇಡ. ಕೂಗಾಡುವ ನಿರ್ದೇಶಕನಿಗೆ ನನ್ನ ಲೆಕ್ಕದಲ್ಲಿ ಒಂದು ಬೈಗುಳ ಬಾಕಿಯಿದೆ, ಅದನ್ನು ಸದ್ಯಕ್ಕೆ ಇಟ್ಟುಕೊಂಡಿರುತ್ತೇನೆ. ನಿನ್ನ ಹೊಟ್ಟೆ ತುಂಬಿರಲಿ, ಗಂಟಲು ತಂಪಾಗಿರಲಿ, ನನ್ನ ಆಯುಸ್ಸಿನಲ್ಲಿ ಎಷ್ಟು ಮಿಕ್ಕಿದೆಯೋ ಅಷ್ಟೂ ನಿನಗೆ ಸೇರಲಿ.

ಇಂತಿ,
ಸೂಜಿಗೆ ದಾರ ಪೋಣಿಸಲಾಗದೆ ಕೂತಿರುವ
ನಿನ್ನ ಅಜ್ಜಿ

ಮರೆತ ಮಾತು: ಅಕ್ಷರ ಸೊಟ್ಟಗಿದ್ದರೆ ಅದು ಬಸ್ಸಿನ ಕುಲುಕಾಟ. ಪತ್ರ ಮಡಚಿ ಅಂಚೆಗೆ ಹೊರಟಿದ್ದೆ, ನಿನ್ನ ಅಮ್ಮ ಬಾಗಿಲಲ್ಲಿ ಅಡ್ಡ ನಿಂತಳು. ಲಕೋಟೆಯ ಮೇಲೆ ನಿನ್ನ ವಿಳಾಸ ಕಂಡದ್ದೇ ಅಲ್ಲೇ ಕುಸಿದು ಕೂತಳು. “ಅತ್ತೆ, ಗಂಟಲಲ್ಲಿ ಗಂಟಿತ್ತು. ತೆಗೆದಿದ್ದಾರೆ. ಅದು ಎಂಥದ್ದು ಅಂತ ಶುಕ್ರವಾರ ಹೇಳ್ತಾರಂತೆ. ನಿಮಗೂ ಅವರಿಗೂ ಹೇಳಬಾರದು ಅಂತ ನನ್ನ ಕೈಲಿ ಆಣೆ ಮಾಡಿಸ್ಕೊಂಡಿದ್ದಾಳೆ” ಎಂದಳು. ಅವಳನ್ನು ಬೈಯಬೇಡ, ಒಬ್ಬಳೇ ಹೊತ್ತು ಸಾಕಾಗಿದ್ದಾಳೆ. ನಿನ್ನ ಅಪ್ಪನಿಗೆ ನಾನೇ ಹೇಳಿದೆ. ಅವನು ಹೋಗಿ ರಜೆ ಬರೆದುಕೊಟ್ಟು ಬಂದ, ಈಗ ನನ್ನ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರು ಓಡಿಸುವ ಬಸ್ಸಿಗೆ ಬ್ರೇಕ್ ಒತ್ತುತ್ತಿದ್ದಾನೆ. ನಿನ್ನ ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಾಳೆ. ಶುಕ್ರವಾರ ಆ ಡಾಕ್ಟರ ಬಾಗಿಲ ಮುಂದೆ ನೀನು ಒಬ್ಬಳೇ ಕೂರುವುದಿಲ್ಲ. ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ನಿನ್ನ ಕೋಣೆಯ ಬಾಗಿಲ ಕೆಳಗೆ ತೂರಿಸುತ್ತೇನೆ. ನೀನು ಇದನ್ನು ಓದುತ್ತಿದ್ದೀ ಎಂದರೆ ನಾವು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇವೆ. ಯಾರು ಎಂದು ಕೇಳಲು ಹೋಗಬೇಡ, ಗಂಟಲಿಗೆ ನೋವಾದೀತು. ಬಾಗಿಲು ತೆಗೆ.